ರಿಬ್ಬನ್ ಕಟ್ಟದ ಕಾರು

ಅಪ್ಪ ನನಗೆ ಒಂದೇ ಒಂದು ಸಲ ಮೋಸ ಮಾಡಿದ. ಅದಕ್ಕಾಗಿ ಅವನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಬೇಕಾಗಲಿಲ್ಲ. ಅವನ ಪರವಾಗಿ ಅಮ್ಮನ ಎದುರು ನಾನೇ ಹೇಳಿದೆ, ಅದು ಸುಳ್ಳೆಂದು ತಿಳಿಯದೆ, ದೊಡ್ಡ ಜಂಬದಿಂದ ಹೇಳಿದೆ. ಆಗ ನನಗೆ ಹನ್ನೆರಡು ವರ್ಷ. ಈಗ ನನ್ನ ಮಗಳಿಗೆ ಅದೇ ವಯಸ್ಸು, ಮತ್ತು ಅವಳು ನನ್ನ ಮಾತನ್ನು ನಂಬುವ ರೀತಿ ನೋಡಿದಾಗೆಲ್ಲ ನನಗೆ ಅಪ್ಪನ ಮೇಲೆ ಹೊಸದಾಗಿ ಸಿಟ್ಟು ಬರುತ್ತದೆ. ವಯಸ್ಸಾದಂತೆ ಎಲ್ಲವೂ ಮಾಗಿ ಮೆತ್ತಗಾಗುತ್ತದೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾಗೇನೂ ಆಗಿಲ್ಲ.

ತಿರುವನಂತಪುರದ ಪಟ್ಟಂನಲ್ಲಿ ನಮ್ಮದು ಎರಡನೆಯ ಮಹಡಿಯ ಫ್ಲ್ಯಾಟು. ಎರಡು ಕೋಣೆ, ಉದ್ದನೆಯ ಅಡಿಗೆಮನೆ, ಅದಕ್ಕೆ ಅಂಟಿಕೊಂಡ ಚಿಕ್ಕ ಬಾಲ್ಕನಿ. ಬಾಲ್ಕನಿಯ ಕಂಬಿ ಹಿಡಿದು ಬಗ್ಗಿದರೆ ಕೆಳಗೆ ಕಾರು ನಿಲ್ಲಿಸುವ ಜಾಗ. ಅಪ್ಪ ಮೈಸೂರಿನವನು, ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ. ಅಮ್ಮ ಧಾರವಾಡದವಳು, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅಲ್ಲೇ ಒಂದು ಕಾಲೇಜಿನಲ್ಲಿ ಎರಡು ವರ್ಷ ಪಾಠ ಹೇಳಿ, ಮದುವೆಯಾಗಿ ಇಲ್ಲಿಗೆ ಬಂದವಳು. ಹಾಗಾಗಿ ಮನೆಯೊಳಗೆ ಎರಡು ಕನ್ನಡ, ಬಾಗಿಲ ಹೊರಗೆ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು. ಅಮ್ಮ ಧಾರವಾಡದ ಮಾತಿನಲ್ಲಿ ಕೇಳಿದ್ದಕ್ಕೆ ನಾನು ಮಲಯಾಳದಲ್ಲಿ ಉತ್ತರಿಸಿದರೆ ಅಪ್ಪ ಮೈಸೂರಿನ ಮಾತಿನಲ್ಲಿ ನಗುತ್ತಿದ್ದ. ಊರಿನಿಂದ ಯಾರಾದರೂ ಬಂದರೆ ಜೋಳದ ಹಿಟ್ಟಿನ ಗಂಟು ಬರುತ್ತಿತ್ತು. ಅಮ್ಮ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯ ಮ್ಯಾಥ್ಯೂ ಅಂಕಲ್, ಮೇಲೆ ಏನೋ ರಿಪೇರಿ ನಡೆದಿದೆ ಎಂದು ನೋಡಲು ಬರುತ್ತಿದ್ದರು, ಬಂದವರು ಎರಡು ರೊಟ್ಟಿ ತಿಂದು ಹೋಗುತ್ತಿದ್ದರು. ಅಪ್ಪನಿಗೆ ಮಾತ್ರ ರೊಟ್ಟಿ ಸೇರದು. ಎರಡು ತುತ್ತು ತಿಂದು, ಸ್ವಲ್ಪ ಅನ್ನ ಇದೆಯಾ ಎಂದು ಕೇಳುತ್ತಿದ್ದ. ಆಗ ಅಮ್ಮ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದಳು:

"ನಿಮ್ಮ ಮೈಸೂರಿನವರು ಊಟ ಮಾಡೂದಿಲ್ಲ ಬಿಡ್ರಿ, ಬರೇ ನುಂಗತೀರಿ."

ಆಗ ನಾನು ಅಮ್ಮನ ಮಗಳಾಗಿದ್ದೆ. ಶಾಲೆಯಿಂದ ಬಂದ ಮೇಲೆ ಬಾಲ್ಕನಿಯಲ್ಲಿ ಅವಳ ಮೊಣಕಾಲುಗಳ ನಡುವೆ ಕೂತು ಜಡೆ ಬಿಚ್ಚಿಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಿಗಿಯಾಗಿ ಕಟ್ಟಿದ ಎರಡು ಜಡೆ, ತುದಿಯಲ್ಲಿ ಶಾಲೆಯವರು ಹೇಳಿದ ಕೆಂಪು ರಿಬ್ಬನ್ನು. ಬಿಚ್ಚಿ, ಎಣ್ಣೆ ಹಚ್ಚಿ, ಬಾಚುವಾಗ ಅಮ್ಮ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳುತ್ತಿದ್ದಳು. ಕಾಲೇಜಿನಲ್ಲಿ ಹುಡುಗರು ಅವಳನ್ನು ಹೇಗೆ ಗೋಳುಹೊಯ್ದುಕೊಂಡರು, ಎರಡನೆಯ ವಾರ ಅವಳು ಅವರನ್ನು ಹೇಗೆ ಹದಕ್ಕೆ ತಂದಳು, ಮನೆಯಲ್ಲಿ ಕೂತು ಕೂತು ತಲೆ ಹೇಗೆ ಜಡ್ಡುಗಟ್ಟುತ್ತಿದೆ, ಈ ತಿಂಗಳು ಯಾವ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ಅರ್ಜಿಯ ಮಾತೆಲ್ಲ ಮೊದಲು ನನಗೆ ತಿಳಿಯುತ್ತಿತ್ತು, ಆಮೇಲೆ ಅಪ್ಪನಿಗೆ. ಅವಳ ಸರ್ಟಿಫಿಕೇಟುಗಳ ನೀಲಿ ಫೈಲು ಬೀರುವಿನ ಯಾವ ಖಾನೆಯಲ್ಲಿದೆ ಎಂಬುದೂ ನನಗೊಬ್ಬಳಿಗೇ ಗೊತ್ತಿತ್ತು.

ಭಾನುವಾರ ಮಾತ್ರ ನಾನು ಅಪ್ಪನ ಪಾಲು. ಸಂಸ್ಥೆಯಲ್ಲಿ ಅವನ ಕೆಲಸವೆಂದರೆ ರಾಕೆಟ್ಟಿನೊಳಗೆ ಕರೆಂಟು ಹಂಚುವ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವುದು. ಬೇಕೆಂದೇ ಒಂದು ತಂತಿ ಬಿಚ್ಚುವುದು, ಒಂದು ಸಂಪರ್ಕ ಕೀಳುವುದು, ಆಗ ಉಳಿದದ್ದೆಲ್ಲ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಬರೆದಿಡುವುದು. ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾರು ಏನನ್ನೇ ಬಿಚ್ಚಿದರೂ ಕೂಡಲೇ ಎಲ್ಲರಿಗೂ ಕಾಣುವಂತೆ ಕೆಂಪು ಪಟ್ಟಿ ಕಟ್ಟಬೇಕು. ಮತ್ತೆ ಜೋಡಿಸಿದ ಮೇಲೆಯೇ ಅದನ್ನು ತೆಗೆಯಬೇಕು. ಪಟ್ಟಿ ಇಲ್ಲವೆಂದರೆ ಎಲ್ಲವೂ ಜಾಗದಲ್ಲಿದೆ ಎಂದು ಅರ್ಥ, ಅದರ ಮೇಲೆ ಯಾರೂ ಯಾರನ್ನೂ ಮರುಪ್ರಶ್ನೆ ಕೇಳುವಂತಿಲ್ಲ. ಆ ಪದ್ಧತಿಯನ್ನು ಅಪ್ಪ ಹಾಗೆಯೇ ಮನೆಗೆ ತಂದಿದ್ದ. ಭಾನುವಾರ ತಿಂಡಿಯಾದ ಮೇಲೆ ಅವನು ಕೆಳಗೆ ಹೋಗಿ ಕಾರಿನಲ್ಲಿ ಎಲ್ಲೋ ಒಂದು ದೋಷ ಮಾಡಿ, ನನ್ನದೇ ಹಳೆಯ ಕೆಂಪು ರಿಬ್ಬನ್ನೊಂದನ್ನು ಸ್ಟೀರಿಂಗಿಗೆ ಕಟ್ಟಿ, ಬಾಲ್ಕನಿಯ ಕಡೆ ನೋಡಿ ಶಿಳ್ಳೆ ಹಾಕುತ್ತಿದ್ದ. ನಾನು ಇಳಿದುಹೋಗಿ ದೋಷ ಹುಡುಕಬೇಕು. ಸಿಕ್ಕರೆ ರಿಬ್ಬನ್ ಬಿಚ್ಚುವ ಹಕ್ಕು ನನ್ನದು.

"ಪುಟ್ಟಿ, ಊಹೆ ಮಾಡ್ಬೇಡ. ಕರೆಂಟು ಎಲ್ಲಿ ತನಕ ಬಂದಿದೆ ನೋಡು. ಬಂದಿರೋ ಕಡೆಯಿಂದ ಬರದೇ ಇರೋ ಕಡೆಗೆ ನಡ್ಕೊಂಡು ಹೋಗು. ಮಧ್ಯದಲ್ಲಿ ಸಿಕ್ಕೇ ಸಿಗತ್ತೆ."

ಹೀಗೆ ನಡೆದು ನಡೆದೇ ನಾನು ಆ ಕಾರನ್ನು ಕಲಿತೆ. ಬ್ಯಾಟರಿ ತಾರಸಿಯ ಮೇಲಿನ ನೀರಿನ ಟ್ಯಾಂಕಿದ್ದಂತೆ. ಅಲ್ಲಿಂದ ಒಂದು ದಪ್ಪ ತಂತಿ ನೇರವಾಗಿ ಸ್ಟಾರ್ಟರ್ ಮೋಟಾರಿಗೆ ಹೋಗುತ್ತದೆ, ಏಕೆಂದರೆ ಎಂಜಿನ್ನನ್ನು ಮೊದಲ ಸಲ ತಿರುಗಿಸುವ ಹಸಿವು ಬಲು ದೊಡ್ಡದು. ಇನ್ನೊಂದು ತಂತಿ ಫ್ಯೂಸ್ ಪೆಟ್ಟಿಗೆಗೆ. ಅಲ್ಲಿ ಕರೆಂಟು ಕವಲೊಡೆಯುತ್ತದೆ: ದೀಪಕ್ಕೊಂದು, ಹಾರ್ನಿಗೊಂದು, ವೈಪರಿಗೊಂದು, ಪೆಟ್ರೋಲು ಪಂಪಿಗೊಂದು. ಪ್ರತಿ ಕವಲಿನ ಬಾಗಿಲಲ್ಲಿ ಒಂದು ಫ್ಯೂಸು, ಕೆಂಪು, ನೀಲಿ, ಹಳದಿ, ಹಸಿರು, ಬಣ್ಣಕ್ಕೊಂದು ಅಳತೆ. ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟು ಹರಿದರೆ ಫ್ಯೂಸು ತಾನು ಸುಟ್ಟು ತಂತಿಯನ್ನು ಉಳಿಸುತ್ತದೆ. ಕೆಲವು ಕವಲುಗಳಲ್ಲಿ ಕಾರು ಮಲಗಿದಾಗಲೂ ಕರೆಂಟು ಇರುತ್ತದೆ, ಕೆಲವಕ್ಕೆ ಕೀ ತಿರುಗಿಸಿದರೆ ಮಾತ್ರ. ಹೋದ ಕರೆಂಟು ವಾಪಸು ಬರಲು ಬೇರೆ ತಂತಿ ಬೇಡ, ಕಾರಿನ ಮೈಯೇ ಅದರ ದಾರಿ. ಬ್ಯಾಟರಿಯ ಇನ್ನೊಂದು ತುದಿಯನ್ನು ಮೈಗೇ ಬಿಗಿದಿರುತ್ತಾರೆ. ಎಂಜಿನ್ನು ಓಡತೊಡಗಿದ ಮೇಲೆ ಅದರ ಪಕ್ಕದಲ್ಲಿ ತಿರುಗುವ ಆಲ್ಟರ್ನೇಟರು ಎಲ್ಲರಿಗೂ ಬಡಿಸಿ, ಖಾಲಿಯಾದ ಟ್ಯಾಂಕನ್ನೂ ತುಂಬಿಸುತ್ತದೆ. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ಪೆಟ್ಟಿಗೆಯಲ್ಲಿ ಫ್ಯೂಸುಗಳ ಪಕ್ಕದಲ್ಲಿ ಬೆಂಕಿಪೆಟ್ಟಿಗೆಗಿಂತ ಚಿಕ್ಕವಾದ ಕಪ್ಪು ಡಬ್ಬಿಗಳಿದ್ದವು. ಅವು ರಿಲೇ. ಅವುಗಳ ವಿಷಯ ಕೇಳಿದಾಗ ಅಪ್ಪ, ಅದು ಮುಂದಿನ ವರ್ಷದ ಪಾಠ ಎಂದಿದ್ದ.

ನನ್ನ ಹನ್ನೆರಡನೆಯ ವರ್ಷ ಅಮ್ಮನಿಗೆ ಕೆಲಸ ಸಿಕ್ಕಿತು. ಕೊಚ್ಚಿಯಲ್ಲಿ, ಮೀನುಗಾರಿಕೆಯ ಅಂಕಿಅಂಶ ಇಡುವ ಒಂದು ಸರ್ಕಾರಿ ಕಚೇರಿಯಲ್ಲಿ, ಸಂಖ್ಯಾಶಾಸ್ತ್ರ ಸಹಾಯಕಿ. ಯಾವ ಬಂದರಿಗೆ ಯಾವ ಮೀನು ಎಷ್ಟು ಬಂತು ಎಂಬ ಲೆಕ್ಕವನ್ನು ತಾಳೆ ನೋಡಿ ಮುಂದಿನ ಅಂದಾಜು ಹಾಕುವುದು. ಈರುಳ್ಳಿಯನ್ನೂ ಹಬ್ಬದ ದಿನ ದೂರವಿಡುವ ಅಮ್ಮ ಮೀನೆಣಿಸಲು ಹೋಗುವುದು ನಮಗೆಲ್ಲ ತಮಾಷೆಯೋ ತಮಾಷೆ. ಮತ್ತಿ ಎಂದರೆ ಯಾವ ಮೀನು, ಅಯಲ ಎಂದರೆ ಯಾವುದು ಎಂದು ಅಮ್ಮ ಮ್ಯಾಥ್ಯೂ ಅಂಕಲ್ ಅವರ ಹೆಂಡತಿಯಿಂದ ಕೇಳಿ ಹಾಳೆಯ ಮೇಲೆ ಬರೆದುಕೊಂಡಳು. ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಅವಳ ಕಾಲೇಜಿನ ಗೆಳತಿಯೊಬ್ಬಳಿದ್ದಳು. ಸೋಮವಾರದಿಂದ ಶುಕ್ರವಾರ ಅಲ್ಲಿದ್ದು, ಶನಿವಾರ ಭಾನುವಾರ ಮನೆಗೆ ಬರುವುದು, ವರ್ಷದೊಳಗೆ ತಿರುವನಂತಪುರಕ್ಕೆ ವರ್ಗ ಕೇಳುವುದು ಎಂದು ಯೋಚನೆ. ಅಪ್ಪ ಬೇಡವೆನ್ನಲಿಲ್ಲ. ಅವನು ಯಾವುದಕ್ಕೂ ಬೇಡವೆನ್ನುವ ಮನುಷ್ಯನಲ್ಲ. ಮೊದಲ ಸಲ ಹಾಜರಾಗಬೇಕಾದ ದಿನ ಅಜ್ಜಿಗೆ ಹುಷಾರಿಲ್ಲ ಎಂದು ಮೈಸೂರಿಗೆ ಹೋಗಬೇಕಾಯಿತು. ಕಚೇರಿಯವರು ಒಂದು ತಿಂಗಳು ಅವಧಿ ಕೊಟ್ಟು, ಇದೇ ಕೊನೆಯದು, ಆ ದಿನ ಮಧ್ಯಾಹ್ನ ಹನ್ನೆರಡರೊಳಗೆ ಬಾರದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದು ಬರೆದರು. ನೋಡಿದರೆ ಅದರ ಹಿಂದಿನ ದಿನವೇ ಅಜ್ಜನ ತಿಥಿ.

"ಒಂದು ದಿನ ಮೊದಲೇ ಹೋಗಿಬಿಡ್ತೀನ್ರಿ. ಅಡಿಗಿಗೆ ಯಾರನ್ನರ ಕರಸೂಣು," ಎಂದಳು ಅಮ್ಮ.

"ಸೊಸೆ ಇದ್ದೂ ತಿಥಿ ಅಡುಗೆ ಹೊರಗಿನವ್ರು ಮಾಡೋದು ಚೆನ್ನಾಗಿರಲ್ಲ. ನೀನೇನೂ ಯೋಚ್ನೆ ಮಾಡ್ಬೇಡ. ಬೆಳಿಗ್ಗೆ ಆರೂವರೆ ರೈಲಿಗೆ ನಾನೇ ಕಾರಲ್ಲಿ ಬಿಡ್ತೀನಿ. ಹನ್ನೊಂದಕ್ಕೆಲ್ಲ ಕೊಚ್ಚಿ, ಎರ್ನಾಕುಲಂ ಸ್ಟೇಷನ್."

ಅಮ್ಮ ತಿಥಿಯ ದಿನ ನಸುಕಿನಲ್ಲೇ ಮಡಿಯುಟ್ಟು ವಡೆ, ಪಾಯಸ, ನಾಲ್ಕು ಬಗೆಯ ಪಲ್ಯ ಎಲ್ಲ ಒಬ್ಬಳೇ ಮಾಡಿದಳು. ಮಧ್ಯಾಹ್ನ ಎರಡು ಗಂಟೆಯ ತನಕ ಒಂದು ತೊಟ್ಟು ನೀರಿಲ್ಲ. ಆದರೂ ಅವಳ ಮುಖದಲ್ಲಿ ಅಂಥ ಲವಲವಿಕೆಯನ್ನು ನಾನು ಆಮೇಲೆ ಎಂದೂ ನೋಡಲಿಲ್ಲ. ಊಟವಾದ ಮೇಲೆ ಅಪ್ಪ ಪತ್ರಿಕೆ ತಿರುವುತ್ತ, ನಾಳೆ ಜಿಲ್ಲೆಯಲ್ಲಿ ಬಸ್ಸು, ಆಟೊ, ಟ್ಯಾಕ್ಸಿ ಎಲ್ಲದರ ಮುಷ್ಕರ ಎಂದು ಓದಿ ಹೇಳಿದ. ಅಮ್ಮ ಗಾಬರಿಯಾದಳು. ನಮಗೇನು, ಕಾರಿದೆಯಲ್ಲ ಎಂದ ಅಪ್ಪ. ಸಂಜೆ ಕತ್ತಲಾಗುವ ಹೊತ್ತಿಗೆ, ಬಾ ಪುಟ್ಟಿ, ಗಾಡಿ ಒಂದ್ಸಲ ನೋಡ್ಬಿಡೋಣ ಎಂದು ನನ್ನನ್ನು ಕರೆದುಕೊಂಡು ಇಳಿದ. ನಾನು ಟಾರ್ಚು ಹಿಡಿದೆ. ಬ್ಯಾಟರಿಯ ನೀರು, ತಂತಿಗಳ ಬಿಗಿ, ಒಂದೊಂದೇ ಫ್ಯೂಸು, ನಾನು ಹೆಸರು ಕೂಗುವುದು, ಅವನು ಸರಿ ಎನ್ನುವುದು. ಕೊನೆಗೆ ಗಾಜೊರೆಸಲು ಒಂದು ಹಳೆಯ ಬಟ್ಟೆ ತಾ ಎಂದ. ನಾನು ಮೇಲೆ ಓಡಿಹೋಗಿ ತಂದೆ. ಬರುವಷ್ಟರಲ್ಲಿ ಬಾನೆಟ್ ಮುಚ್ಚಿತ್ತು.

ಮರುದಿನ ಆರಕ್ಕೆ ಹತ್ತು ನಿಮಿಷವಿರುವಾಗ ಮೂವರೂ ಕೆಳಗಿದ್ದೆವು. ಅಮ್ಮ ಕೆಂಪು ಅಂಚಿನ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ನೀಲಿ ಫೈಲು, ಹೆಗಲಿಗೆ ಚೀಲ. ಸ್ಟೀರಿಂಗಿನ ಮೇಲೆ ರಿಬ್ಬನ್ ಇರಲಿಲ್ಲ. ಅಪ್ಪ ಕೀ ತಿರುಗಿಸಿದ. ಎಂಜಿನ್ನು ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೊಮ್ಮೆ, ಮತ್ತೊಮ್ಮೆ. ಅವನು ಇಳಿದು ಬಾನೆಟ್ ಎತ್ತಿದ. ನನಗೆ ಒಳಗೊಳಗೇ ಖುಷಿ ಎಂದು ಒಪ್ಪಿಕೊಳ್ಳಬೇಕು. ಇದು ಭಾನುವಾರದ ಆಟವಲ್ಲ, ನಿಜವಾದ ದೋಷ, ನಾನು ಹುಡುಕಿ ಅಮ್ಮನನ್ನು ಕಳಿಸುತ್ತೇನೆ ಎಂದುಕೊಂಡೆ. ದೀಪ ಹಾಕಿದೆ, ಉರಿಯಿತು. ಹಾರ್ನ್ ಒತ್ತಿದೆ, ಕೂಗಿತು. ಬ್ಯಾಟರಿ ಗಟ್ಟಿಯಾಗಿತ್ತು. ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಅಡಿಯಿಂದ ಪೆಟ್ರೋಲು ಪಂಪು ಒಂದೆರಡು ಕ್ಷಣ ಗುಂಯ್ ಎನ್ನಬೇಕು, ಆ ಸದ್ದು ಮಾತ್ರ ಇರಲಿಲ್ಲ. ಪಂಪಿನ ಫ್ಯೂಸು ತೆಗೆದು ಬೆಳಕಿಗೆ ಹಿಡಿದೆ. ಒಳಗಿನ ತಂತಿ ಅಖಂಡವಾಗಿತ್ತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

"ರೀ, ನಾ ಮ್ಯಾಥ್ಯೂ ಅವರನ್ನ ಎಬ್ಬಿಸ್ತೀನಿ. ಸ್ಕೂಟರ್ ಮ್ಯಾಲೆ ಬಿಡ್ತಾರ."

"ಐದು ನಿಮ್ಷ ಇರು. ಬೆಳಿಗ್ಗೆ ಬೆಳಿಗ್ಗೆ ಅವ್ರಿಗೆ ಯಾಕೆ ತೊಂದ್ರೆ. ಈಗ ಆಗೋಗತ್ತೆ."

ಆ ಐದು ನಿಮಿಷ ಇಪ್ಪತ್ತೈದಾಯಿತು. ಪ್ರತಿ ಸಲ ಅಮ್ಮ ಮೆಟ್ಟಿಲ ಕಡೆ ಹೆಜ್ಜೆಯಿಟ್ಟಾಗಲೂ ಅಪ್ಪ, ಸಿಕ್ತು ಸಿಕ್ತು ಎನ್ನುತ್ತಿದ್ದ. ಬಗ್ಗಿ ತಂತಿಗಳನ್ನು ಅಲ್ಲಾಡಿಸುತ್ತಿದ್ದ, ಹಣೆಯ ಬೆವರು ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಕೊನೆಗೆ ಅಮ್ಮ ಅವನನ್ನು ಬಿಟ್ಟು ನನ್ನ ಬಳಿ ಬಂದು, ಫೈಲನ್ನು ಎದೆಗವಚಿಕೊಂಡು, ಮೆಲ್ಲಗೆ ಕೇಳಿದಳು:

"ಸುಧಾ, ನೀ ಹೇಳು. ನಿಮ್ಮಪ್ಪ ಇದರಾಗಿಂದ ಏನರ ತಗದಾರೇನ?"

ನನಗೆ ಅವಮಾನವಾಯಿತು. ಅಪ್ಪನ ಮೇಲೆ, ನಮ್ಮಿಬ್ಬರ ಪದ್ಧತಿಯ ಮೇಲೆ ಸಂದೇಹಪಡುವುದೆಂದರೇನು.

"ಇಲ್ಲಮ್ಮಾ. ತೆಗೆದಿದ್ರೆ ರಿಬ್ಬನ್ ಇರ್ತಿತ್ತು, ನೋಡು, ಇಲ್ಲ. ನಿನ್ನೆ ಸಾಯಂಕಾಲ ನಾನೂ ಇದ್ನಲ್ಲ ಜೊತೆಗೆ. ಎಲ್ಲ ಸರಿಯಾಗೇ ಇತ್ತು."

ಎಂದೂ ಇಷ್ಟು ಉದ್ದದ ಕನ್ನಡ ಆಡದವಳು ಅಂದು ಆಡಿದೆ. ಅಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೇಲೆ ಹೋಗಿ ಮ್ಯಾಥ್ಯೂ ಅಂಕಲ್ ಅವರ ಬಾಗಿಲು ಬಡಿದಳು. ಪಾಪ, ಅವರು ಉಟ್ಟಿದ್ದ ಮುಂಡಿನ ಮೇಲೆ ಒಂದು ಅಂಗಿ ಏರಿಸಿಕೊಂಡು ಬಂದು ಸ್ಕೂಟರು ತೆಗೆದರು. ಅವರಿಬ್ಬರೂ ಸ್ಟೇಷನ್ನು ಮುಟ್ಟಿದಾಗ ರೈಲಿನ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮು ದಾಟುತ್ತಿತ್ತಂತೆ. ಮುಂದಿನ ರೈಲು ಹಿಡಿದರೂ ಹನ್ನೆರಡರೊಳಗೆ ಮುಟ್ಟುವುದು ಸಾಧ್ಯವಿರಲಿಲ್ಲ. ಅಪ್ಪ ತಾನೇ ಕಚೇರಿಗೆ ಫೋನ್ ಮಾಡಿ ಬೇಡಿಕೊಂಡೆನೆಂದೂ ಅವರು ಆಗುವುದಿಲ್ಲವೆಂದರೆಂದೂ ಹೇಳಿದ. ಆ ಫೋನು ಮಾಡಿದ್ದನೋ ಇಲ್ಲವೋ ಎಂದು ಈಗ ನನಗೆ ಅನುಮಾನ. ಸಂಜೆ ಅವನೊಬ್ಬನೇ ಕೆಳಗೆ ಹೋಗಿ ಬಂದ, ಕಾರು ಸರಿಯಾಗಿತ್ತು. ಎಲ್ಲೋ ಒಂದು ಕಡೆ ಸಡಿಲವಾಗಿತ್ತು ಎಂದ.

ಅಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಅಪ್ಪನ ಸಾರಿಗೆ ಒಗ್ಗರಣೆ ತಪ್ಪಿಸಲಿಲ್ಲ. ಬದಲಾದದ್ದು ನನ್ನ ಜೊತೆಗಿನ ಅವಳ ಬದುಕು. ಆ ವಾರ ಶಾಲೆಯಿಂದ ಬಂದು ಬಾಲ್ಕನಿಯಲ್ಲಿ ಎಂದಿನಂತೆ ಅವಳ ಮುಂದೆ ಕೂತಾಗ, ದೊಡ್ಡಾಕಿ ಆದಿ, ನೀನೇ ಬಾಚಿಕೋ ಎಂದು ಎದ್ದುಹೋದಳು. ಏನೇ ಕೇಳಿದರೂ, ನಿಮ್ಮಪ್ಪನ್ನ ಕೇಳು ಎನ್ನುವುದು ಅವಳ ರೂಢಿಯಾಯಿತು. ನೀಲಿ ಫೈಲು ಬೀರುವಿನ ಆ ಖಾನೆಯಲ್ಲಿ ಇರಲಿಲ್ಲ, ಎಲ್ಲಿಟ್ಟಳೆಂದು ಹೇಳಲಿಲ್ಲ. ಆಮೇಲೆ ಎಲ್ಲಿಗಾದರೂ ಅರ್ಜಿ ಹಾಕಿದಳೋ ಇಲ್ಲವೋ ನನಗೆ ತಿಳಿಯದು. ಕೆಲಸ ತಪ್ಪಿದ ದುಃಖ ಎಂದುಕೊಂಡೆ. ಸ್ವಲ್ಪ ದಿನದಲ್ಲಿ ಸರಿಹೋಗುತ್ತಾಳೆ ಎಂದುಕೊಂಡೆ. ನಾನು ಎಂಜಿನಿಯರಿಂಗ್ ಸೇರಿದಾಗ, ಕೆಲಸ ಸಿಕ್ಕಿದಾಗ, ಮದುವೆ ಗೊತ್ತಾದಾಗ, ಪ್ರತಿ ಸಲವೂ ಅವಳು "ಛಲೋ ಆತು" ಎಂದಳು, ಪಕ್ಕದ ಮನೆಯ ಹುಡುಗಿಗೆ ಹೇಳುವಂತೆ. ನನ್ನ ಹೆರಿಗೆಗೆ ಬಂದು ಮೂರು ತಿಂಗಳು ಇದ್ದು ಬಾಣಂತನ ಮಾಡಿದಳು. ಕಷಾಯದಲ್ಲಿ ಒಂದು ಹೊತ್ತೂ ತಪ್ಪಿಸಲಿಲ್ಲ, ಮನಸ್ಸಿನ ಒಂದು ಮಾತೂ ಆಡಲಿಲ್ಲ. ನಾನು ಭಾನುವಾರದ ಪಾಠಗಳನ್ನು ಇನ್ನಷ್ಟು ಅಪ್ಪಿಕೊಂಡೆ. ಅಮ್ಮ ಕೊಡದಿದ್ದದ್ದನ್ನು ಅಪ್ಪ ಕೊಟ್ಟ ಎಂದು ಎಷ್ಟೋ ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಅಮ್ಮನ ಎದುರಿಗೂ ಹೇಳಿದ್ದೇನೆ.

ಈಗ ನಾನಿರುವುದು ತ್ರಿಪ್ಪುಣಿತ್ತುರದಲ್ಲಿ. ಕಾಕ್ಕನಾಡಿನ ಒಂದು ಕಂಪನಿಯಲ್ಲಿ ಗಾಡಿಗಳಿಗೆ ಕರೆಂಟು ಹಂಚುವ ವ್ಯವಸ್ಥೆಯ ನಕ್ಷೆ ಮಾಡುವುದು ಕೆಲಸ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವುದೂ ನನ್ನ ಪಾಲಿಗಿದೆ. ರಿಲೇ ಎಂದರೇನೆಂದು ಹೇಳುವಾಗ, ಸಾಹೇಬರು ಕೂತಲ್ಲೇ ಒಂದು ಬೆರಳಿನಿಂದ ಬೆಲ್ ಒತ್ತುತ್ತಾರೆ, ಪ್ಯೂನ್ ಬಂದು ಬೀರು ಎಳೆಯುತ್ತಾನೆ ಎನ್ನುತ್ತೇನೆ. ಕೀಯಿಂದ ಬರುವ ಚಿಕ್ಕ ಕರೆಂಟು ಬೆಲ್ಲು, ಪಂಪಿಗೆ ಹೋಗುವ ದೊಡ್ಡ ಕರೆಂಟು ಬೀರು. ಹೋದ ವರ್ಷ ಅಂಥದೊಂದು ತರಗತಿಯಲ್ಲಿ ದೋಷ ಹುಡುಕುವ ಬಗ್ಗೆ ಹೇಳುತ್ತಿದ್ದೆ. ಉದಾಹರಣೆ ಬೇಕಿತ್ತು. ಆ ಬೆಳಗಿನದನ್ನೇ ಹೇಳಿದೆ, ಮನೆಯವರ ಹೆಸರಿಲ್ಲದೆ. ಬ್ಯಾಟರಿ ಗಟ್ಟಿಯಿದೆ, ಸ್ಟಾರ್ಟರು ತಿರುಗುತ್ತದೆ, ದೀಪ ಉರಿಯುತ್ತದೆ, ಹಾರ್ನು ಕೂಗುತ್ತದೆ, ಪಂಪಿನ ಸದ್ದಿಲ್ಲ, ಫ್ಯೂಸು ಸರಿಯಿದೆ. ಏನಿರಬಹುದು? ಇದು ಕಷ್ಟದ ಪ್ರಶ್ನೆ, ಸ್ವಲ್ಪ ಒದ್ದಾಡಲಿ ಎಂದು ನೀರು ಕುಡಿಯಲು ಬಾಟಲಿ ಎತ್ತಿಕೊಂಡೆ. ಪುತ್ತೂರಿನಿಂದ ಬಂದು ಎರಡು ವಾರವಾಗಿದ್ದ ಹುಡುಗಿಯೊಬ್ಬಳು, ನಾನು ಕನ್ನಡದವಳೆಂದು ತಿಳಿದು ಕನ್ನಡದಲ್ಲೇ ಹೇಳಿದಳು:

"ಪಂಪಿನ ರಿಲೇ ಅಲ್ವಾ ಮೇಡಂ? ಹಾರ್ನ್ ರಿಲೇ ಪಕ್ಕದಲ್ಲೇ ಉಂಟಲ್ಲ, ಎರಡೂ ಒಂದೇ ನಮೂನೆ. ಅದನ್ನು ತೆಗೆದು ಇದಕ್ಕೆ ಹಾಕಿದ್ರೆ ಆಯ್ತು. ಅರ್ಧ ನಿಮಿಷದ ಕೆಲಸ."

ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹತ್ತಾರು ಗಾಡಿಗಳಲ್ಲಿ ಹೀಗೆಯೇ ಮಾಡಿದ್ದೇನೆ. ಆದರೆ ಗೊತ್ತಿದ್ದದ್ದನ್ನು ಆ ಬೆಳಗಿನ ಪಕ್ಕದಲ್ಲಿ ನಾನು ಒಮ್ಮೆಯೂ ಇಟ್ಟು ನೋಡಿರಲಿಲ್ಲ. ಅಲ್ಲಿ ಬಾನೆಟ್ಟಿನೊಳಗೆ ತಲೆಯಿಟ್ಟು ನಿಂತಿದ್ದವನು ದಾರಿಹೋಕನಲ್ಲ. ರಾಕೆಟ್ಟಿನ ಕರೆಂಟನ್ನು ಪರೀಕ್ಷಿಸಿ ಸಂಬಳ ತೆಗೆದುಕೊಳ್ಳುವವನು. ಎರಡು ವಾರದ ಹುಡುಗಿಗೆ ಅರ್ಧ ನಿಮಿಷದ ಕೆಲಸವಾದದ್ದು ಅವನಿಗೆ ಇಪ್ಪತ್ತೈದು ನಿಮಿಷ ಹೊಳೆಯಲಿಲ್ಲ. ಹಾರ್ನು ಕೂಗಿದ್ದನ್ನು ಅವನೂ ಕೇಳಿದ್ದ. ನನಗೆ ಕಲಿಸಿದ್ದೆಲ್ಲಿಗೆ ನಿಂತಿದೆಯೆಂದೂ ಅವನಿಗೆ ಗೊತ್ತಿತ್ತು, ನಿಲ್ಲಿಸಿದವನೇ ಅವನು. ಅಂದು ಪಾಠ ಅರ್ಧಕ್ಕೆ ಬಿಟ್ಟು ಮನೆಗೆ ಬಂದೆ. ಶನಿವಾರ ತಿರುವನಂತಪುರದ ರೈಲು ಹತ್ತಿದೆ.

ಅಪ್ಪ ಅಮ್ಮ ಈಗಲೂ ಪಟ್ಟಂನ ಅದೇ ಫ್ಲ್ಯಾಟಿನಲ್ಲಿದ್ದಾರೆ. ನಿವೃತ್ತನಾದ ಮೇಲೆ ಅಪ್ಪ ಸಂಗೀತ ಕೇಳುತ್ತಾನೆ, ಗಿಡಗಳಿಗೆ ನೀರು ಹಾಕುತ್ತಾನೆ. ಕಾಫಿ ಕುಡಿದಾದ ಮೇಲೆ, ಅಮ್ಮ ಒಳಗಿದ್ದಾಗ, ನೇರವಾಗಿ ಕೇಳಿದೆ. ಅವನು ಸುತ್ತಿಬಳಸಲಿಲ್ಲ.

"ಹಳೇದೊಂದು ಕೆಟ್ಟಿರೋ ರಿಲೇ ಇತ್ತು. ಅದನ್ನ ಹಾಕ್ದೆ," ಎಂದ.

"ರಿಬ್ಬನ್ ಕಟ್ಟಲಿಲ್ಲ."

"ಕಟ್ಟಿದ್ರೆ ನಿಂಗೆ ಗೊತ್ತಾಗೋಗ್ತಿತ್ತಲ್ಲ ಪುಟ್ಟಿ."

ಅದನ್ನು ಅವನು ಎಷ್ಟು ಸಹಜವಾಗಿ ಹೇಳಿದನೆಂದರೆ ಒಂದು ಗಳಿಗೆ ನನಗೂ ಅದು ಸರಿಯೆನಿಸಿತು. ಆಮೇಲೆ ಮೈಯೆಲ್ಲ ಉರಿಯಿತು.

"ಅಮ್ಮನಿಗೆ ಬೇಡ ಅನ್ಬಹುದಿತ್ತು. ಜಗಳ ಆಡ್ಬಹುದಿತ್ತು."

"ಬೇಡ ಅಂದಿದ್ರೆ ಹೋಗೋಳು. ನೀನು ಆಗ ಹನ್ನೆರಡರ ಹುಡುಗಿ. ವಾರವೆಲ್ಲ ತಾಯಿ ಇಲ್ದೆ ನಿನ್ನ ನಾನೊಬ್ನೇ ಹೇಗೆ ನೋಡ್ಕೊಳ್ಲಿ? ನಿನಗೋಸ್ಕರಾನೇ ಮಾಡಿದ್ದು."

ನನಗೋಸ್ಕರವಂತೆ. ನಾನು ಕೇಳಿರಲಿಲ್ಲ. ಅಮ್ಮ ಹೋಗಲಿ ಎಂದು ಅವಳಿಗಿಂತ ಹೆಚ್ಚು ಆಸೆಪಟ್ಟವಳು ನಾನು; ಮತ್ತಿ, ಅಯಲ ಎಂದು ಅವಳಿಂದ ಪಾಠ ಒಪ್ಪಿಸಿಕೊಂಡವಳು ನಾನು. ಮಾಡಿದ್ದಷ್ಟೂ ಮಾಡಿ, ಅದರ ಹೊರೆಯನ್ನು ನನ್ನ ಹೆಸರಿಗೆ ದಾಟಿಸಿ, ಅವನು ಎದ್ದು ಗಿಡಗಳ ಕಡೆ ಹೋದ. ನನ್ನ ಬದುಕಿನಲ್ಲಿ ನಾನು ನಂಬಿದ ಮೊದಲ ನಿಯಮವನ್ನು ಕೊಟ್ಟವನೇ ಅದನ್ನು ನನ್ನ ಬಾಯಿ ಮುಚ್ಚಲು ಬಳಸಿದ್ದ. ಬಾಯಿ ಮುಚ್ಚಲು ಮಾತ್ರವಲ್ಲ, ತೆರೆಸಲೂ.

ಅಮ್ಮ ಅಡಿಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳಿಗೆ ಆಘಾತವಾಗುತ್ತದೆ, ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು ಎಂದು ರೈಲಿನಲ್ಲೇ ತಯಾರಾಗಿ ಬಂದಿದ್ದೆ. ಅವಳು ತಲೆಯೆತ್ತಲಿಲ್ಲ.

"ಗೊತ್ತದ. ಸಂಜಿಗೆ ಒಬ್ಬರೇ ಹೋಗಿ ಸರಿ ಮಾಡ್ಕೊಂಡು ಬಂದ್ರಲ್ಲ, ಆವತ್ತ ಗೊತ್ತಾತು ನಂಗ. ಹಿಂದಿನ ದಿನ ಸಂಜಿಗೆ ಮಡಿಸೀರಿ ಒಣಗಿ ಹಾಕ್ಲಿಕ್ಕೆ ಬಾಲ್ಕನಿಗೆ ಬಂದಿದ್ದೆ. ಕೆಳಗ ಬಾನೆಟ್ ತಗದು ನಿಂತಿದ್ರಿ. ಆವಾಗ ತಪಾಸಣಾ ಮಾಡ್ಲಿಕತ್ತೀರಿ ಅಂತ ತಿಳಕೊಂಡೆ."

"ನಿಂತಿದ್ರಿ ಅಂದ್ರೆ?"

"ಇಬ್ಬರೂ. ನೀ ಟಾರ್ಚ್ ಹಿಡದಿದ್ದಿ."

ಅವಳು ಏನು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಟ್ಟೆ ತರಲು ಅಪ್ಪ ನನ್ನನ್ನು ಮೇಲೆ ಕಳಿಸಿದ್ದು, ವಾಪಸು ಬರುವಷ್ಟರಲ್ಲಿ ಬಾನೆಟ್ ಮುಚ್ಚಿದ್ದು, ರಿಲೇ ಎಂದರೇನೆಂದೇ ನನಗೆ ಆಗ ಗೊತ್ತಿರದಿದ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಹೇಳಿದೆ. ಅಮ್ಮನ ಕೈ ನಿಂತಿತು. ಸೊಪ್ಪಿನ ಕಟ್ಟನ್ನು ಮೊರದಲ್ಲಿಟ್ಟಳು.

"ನೀನೂ ಅವರ ಕೂಡ ಸೇರಿ ಮಾಡಿದಿ ಅಂತ ತಿಳಕೊಂಡಿದ್ದೆ," ಎಂದಳು. "ಸಣ್ಣಾಕಿ, ಅವ್ವ ಬಿಟ್ಟು ಹೋಗ್ತಾಳ ಅಂತ ಅಂಜಿ ಮಾಡಿರಬೇಕು ಅಂತ. ಬೈಲಿಕ್ಕೆ ಮನಸ್ಸಾಗಲಿಲ್ಲ. ಮರೀಲಿಕ್ಕೂ ಆಗಲಿಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಈ ಸಲ ಅವಳ ಮೇಲೆ. ಒಂದಿಡೀ ಬಾಲ್ಯ, ಒಂದಿಡೀ ಯೌವನ, ನನ್ನ ಹೆರಿಗೆಯ ಆ ಮೂರು ತಿಂಗಳು, ಇವೆಲ್ಲ ನಾನು ಮಾಡದ ತಪ್ಪಿಗೆ ನನ್ನನ್ನು ಹೊರಗೆ ನಿಲ್ಲಿಸಿ ಕಳೆದುಹೋಗಿದ್ದವು.

"ಒಂದೇ ಒಂದು ಸಲ ನನ್ನ ಕೇಳ್ಬಹುದಿತ್ತಲ್ಲಮ್ಮ," ಎಂದೆ.

ಅವಳು ನನ್ನನ್ನು ನೋಡಿದಳು.

"ಕೇಳಿದ್ನಲ್ಲ ಸುಧಾ. ಅವರು ಖರೇ ಹೇಳೂದಿಲ್ಲ ಅಂತ ಅನಸಿತ್ತು. ಅದಕ್ಕ ಅವರನ್ನ ಕೇಳಲಿಲ್ಲ, ನಿನ್ನ ಕೇಳಿದೆ."